ದಿನಕ್ಕೊಂದು ಎಳೆ

ಕಂಪ್ಯೂಟರಿಗೆ ದೆವ್ವ ಹಿಡಿದಿದೆ ಎಂದು ಯಾರಾದರೂ ಫೋನ್ ಮಾಡಿದರೆ ನನಗೆ ಮೈ ಉರಿಯುತ್ತದೆ. ಬನಹಟ್ಟಿಯಲ್ಲಿ ಹದಿನೈದು ವರ್ಷದಿಂದ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ನಾನು ಕಂಡ ದೆವ್ವಗಳೆಲ್ಲ ಸಡಿಲಾದ ಕೇಬಲ್ಲು, ಇಲ್ಲವೆ ಫ್ಯಾನಿಗೆ ಸುತ್ತಿಕೊಂಡ ನೂಲು. ಸ್ಕ್ರೂಡ್ರೈವರ್ ಹಿಡಿದ ಹೆಣ್ಣುಮಗಳನ್ನು ನೋಡಿ "ಮಾಲಕರು ಬರೂದಿಲ್ಲೇನ್ರಿ?" ಎಂದು ಕೇಳುವವರ ಮೇಲೆ ಸಿಟ್ಟಾಗುವುದನ್ನು ಎಂದೋ ಬಿಟ್ಟಿದ್ದೇನೆ. ದೆವ್ವದ ಮಾತಿಗೆ ಮಾತ್ರ ಇನ್ನೂ ಸಿಟ್ಟು ಬರುತ್ತದೆ.

ರಬಕವಿಯ ಆ ಮನೆಯಾಕೆ ದೆವ್ವ ಅನ್ನಲಿಲ್ಲ. "ಅಕ್ಕಾರ, ನಾವ್ಯಾರೂ ಅದನ್ನ ಮುಟ್ಟೂದಿಲ್ಲ. ಆದ್ರೂ ಸಂಜಿಮುಂದ ಬಂದು ಕೈ ಇಟ್ರ ಅದರ ಮೈ ಬೆಚ್ಚಗಿರತೈತ್ರಿ," ಎಂದಳು.

ಆಕೆಯ ಗಂಡ ಸೀರೆಗಳಿಗೆ ಡಿಸೈನ್ ಬರೆಯುತ್ತಿದ್ದವನು. ತೀರಿಕೊಂಡು ಎರಡು ತಿಂಗಳಾಗಿತ್ತು. ಮಗಳ ಮದುವೆ ಮುಂದಿನ ತಿಂಗಳಿತ್ತು. ಆ ಹುಡುಗಿ ಉಡಬೇಕಾದ ಸೀರೆಯ ಸೆರಗನ್ನು ಅಪ್ಪನೇ ಬರೆಯತೊಡಗಿ, ಮುಕ್ಕಾಲು ಮುಗಿಸಿ ಹೋಗಿದ್ದ. ಅದು ಆ ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಹಿಂದಿನ ವಾರ ಮಗಳು ಒಮ್ಮೆ ಚಾಲೂ ಮಾಡಿದಾಗ ಒಳಗಿಂದ ಟಕ್ ಟಕ್ ಎಂದಿತಂತೆ, ಹೆದರಿ ಬಂದ್ ಮಾಡಿದ್ದಳು. ಹೊಸ ಡ್ರೈವ್ ಹಾಕಿ ಆ ಸೆರಗೊಂದನ್ನು ಉಳಿಸಿಕೊಡಿ ಎಂದು ಆಕೆ ಕೇಳಿಕೊಂಡಳು. "ಅವರ ಕೈಯಿಂದು ಅಂತ ಮಗಳಿಗೆ ಅದೊಂದ ಉಳದೈತ್ರಿ."

ಮರುದಿನ ಮಧ್ಯಾಹ್ನ ಹೋದೆ. ಮಗ್ಗದ ಕೋಣೆಯ ಒಂದು ಮೂಲೆಯಲ್ಲಿ ಕಂಪ್ಯೂಟರ್, ಇನ್ನೊಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ ಮುದುಕಿ. "ನಮ್ಮತ್ತಿ," ಎಂದಳು ಮನೆಯಾಕೆ. "ಮಗ ಹೋದಾಗಿಂದ ಮಾತಿಲ್ಲ, ಕತಿಯಿಲ್ಲ." ತಾನು ದಿನಾ ಮಧ್ಯಾಹ್ನ ಪಕ್ಕದ ಮನೆಗೆ ಮಗ್ಗದ ಕಂಡಿಕಿಗೆ ನೂಲು ಸುತ್ತಲು ಹೋಗುತ್ತೇನೆ, ಮಗಳು ಹೊಲಿಗೆ ಕ್ಲಾಸಿಗೆ ಹೋಗುತ್ತಾಳೆ ಎಂದೂ ಹೇಳಿದಳು.

ಕ್ಯಾಬಿನೆಟ್ಟಿನ ಮುಂದೆ ಮೂರು ಬೆರಳಿನ ವಿಭೂತಿ ಇತ್ತು. ನಮ್ಮ ಕಡೆ ಯಂತ್ರಕ್ಕೆ ವಿಭೂತಿ ಹಚ್ಚದವರು ಯಾರು, ಅದರಲ್ಲೇನೂ ವಿಶೇಷವಿಲ್ಲ. ಬೆರಳು ತಾಗಿಸಿ ನೋಡಿದೆ, ಎರಡು ತಿಂಗಳ ಹಿಂದಿನದಲ್ಲ, ಹೊಸದು.

"ಇದನ್ನ ಯಾರ ಹಚ್ಚೀರಿ?"

ಆಕೆ ಬಗ್ಗಿ ನೋಡಿ, ಸಣ್ಣ ದನಿಯಲ್ಲಿ, "ಅವರು ಹಚ್ತಿದ್ರು. ದಿನಾ ಕೂಡೂಕಿಂತ ಮೊದಲ," ಎಂದಳು.

ಮಾತು ಬೆಳೆಸದೆ ಕ್ಯಾಬಿನೆಟ್ ಬಿಚ್ಚಿದೆ. ಹಳೆಯ ಡಿಸ್ಕಿನ ಕೇಬಲ್ ಕಿತ್ತು ಬದಿಗಿಟ್ಟೆ. ಹೊಸದಕ್ಕೆ ಬೇಕಾದ ಸಾಫ್ಟ್‌ವೇರ್ ಎಲ್ಲ ತುಂಬಿ ಮುಗಿಯುವ ತನಕ ಹಳೆಯದನ್ನು ನಾನು ಜೋಡಿಸುವುದಿಲ್ಲ. ಒಮ್ಮೆ ಎರಡನ್ನೂ ಜೋಡಿಸಿಟ್ಟುಕೊಂಡು, ಅಳಿಸಬಾರದ್ದನ್ನು ಅಳಿಸಿ, ಒಬ್ಬರ ಮಗುವಿನ ಫೋಟೋಗಳನ್ನೆಲ್ಲ ಕಳೆದಿದ್ದೇನೆ. ಆ ತಾಯಿಯ ಮುಖ ಇನ್ನೂ ಮರೆತಿಲ್ಲ. ಹೊಸ ಎಸ್‌ಎಸ್‌ಡಿಯನ್ನು ಅದರ ಜಾಗದಲ್ಲಿ ಸರಿಸಿ, ಸ್ಕ್ರೂ ಬಿಗಿದು, ಎರಡು ಕೇಬಲ್ ಚುಚ್ಚಿದೆ. ಎಲ್ಲ ತುಂಬಿದ ಮೇಲೆ ಬಂದ್ ಮಾಡಿ, ಹಳೆಯದನ್ನೂ ಜೋಡಿಸಿ, ಮತ್ತೆ ಚಾಲೂ ಮಾಡಿದೆ. ಟಕ್. ಟಕ್. ಮಗ್ಗ ನಿಂತ ಕೋಣೆಯಲ್ಲಿ ಆ ಸದ್ದು ಜೋರಾಗಿಯೇ ಕೇಳುತ್ತಿತ್ತು.

ಸೆರಗಿನ ಫೈಲು ಸಿಕ್ಕಿತು. ಮೊದಲು ಹೊಸದಕ್ಕೆ ನಕಲು ಮಾಡಿಕೊಂಡೆ, ಉಸಿರು ಬಿಟ್ಟೆ. ಆಮೇಲೆ ಅದರ ತಾರೀಖು ನೋಡಿದೆ. ಕೊನೆಯ ಸಲ ಬದಲಾದದ್ದು ನಿನ್ನೆ, ಮಧ್ಯಾಹ್ನ ಮೂರಕ್ಕೆ.

ಗಡಿಯಾರ ತಪ್ಪಿರಬೇಕೆಂದುಕೊಂಡೆ. ತಪ್ಪಿರಲಿಲ್ಲ. ಬ್ಯಾಟರಿ ಹೋಗಿರಬೇಕೆಂದುಕೊಂಡೆ. ಅದೂ ಸರಿಯಿತ್ತು. ಬೈಯಲು ಯಾವುದೂ ಸಿಗಲಿಲ್ಲ, ನನಗೆ ಹೆದರಿಕೆಯಾಯಿತು.

ಡಿಸೈನಿನಲ್ಲಿ ಒಂದು ಚೌಕವೆಂದರೆ ಬಟ್ಟೆಯಲ್ಲಿ ಒಂದು ಎಳೆ. ಹಳೆಯ ಡಿಸ್ಕಿನ ಫೈಲನ್ನೇ ತೆರೆದೆ. ಪರದೆಯ ತುಂಬ ಗಿಳಿಗಳ ಸಾಲು, ಕೊನೆಯ ಗಿಳಿಗೆ ತಲೆ ಇರಲಿಲ್ಲ. ಅದರ ಕುತ್ತಿಗೆಯಿಂದ ಚೌಕಗಳ ಒಂದು ಗೆರೆ ನೆಟ್ಟಗೆ ಬಲಕ್ಕೆ ಹೋಗಿತ್ತು. "ಇದು ಅವರದಲ್ರಿ," ಎಂದಳು ಮನೆಯಾಕೆ. "ಗಿಳಿ ಕುತ್ತಿಗಿಗೇ ನಿಂತಿತ್ತು."

ಎಣಿಸಿದೆ. ಐವತ್ತೆಂಟು ಚೌಕ, ನಡುವೆ ಎರಡು ಕಡೆ ಖಾಲಿ. ಆಕೆ ಗೋಡೆಯ ಕ್ಯಾಲೆಂಡರ್ ಮೇಲೆ ಬೆರಳಾಡಿಸಿದಳು. ಗಂಡನನ್ನು ಮಣ್ಣು ಮಾಡಿದ ಮರುದಿನದಿಂದ ಹಿಡಿದರೆ ನಿನ್ನೆಗೆ ಅರವತ್ತು ದಿನ. ಖಾಲಿ ಬಿಟ್ಟ ಎರಡೂ ಜಾಗಕ್ಕೆ ಬಂದಾಗ ಬೆರಳು ನಿಂತಿತು.

"ಅಮಾಸಿ," ಎಂದಳು. "ಅಮಾಸಿಗಿ ನಮ್ಮಾಗ ಮಗ್ಗಾ ಹೂಡೂದಿಲ್ರಿ."

ಆಗಲೇ ಬೆನ್ನ ಹಿಂದೆ ಚಾಪೆ ಸರಸರ ಎಂದಿತು. ಮುದುಕಿ ಎದ್ದಿದ್ದಳು. ಮೂರು ಗಂಟೆಯಾಗಿತ್ತು. ನಮ್ಮಿಬ್ಬರ ಕಡೆ ನೋಡಲೇ ಇಲ್ಲ. ಗೂಡಿನಿಂದ ವಿಭೂತಿ ತೆಗೆದು, ನೀರಲ್ಲಿ ಅದ್ದಿ, ಕ್ಯಾಬಿನೆಟ್ಟಿಗೆ ಮೂರು ಬೆರಳು ಎಳೆದಳು. ನನ್ನ ಕೈಯನ್ನು ಸರಿಸಿ ಮೌಸ್ ಹಿಡಿದಳು, ಗೆರೆಯ ತುದಿಯಲ್ಲಿ ಒಂದು ಚೌಕ ಒತ್ತಿದಳು, ಸೇವ್ ಮಾಡಿದಳು. ಡಿಸ್ಕು ಟಕ್ ಎಂದಿತು.

"ಇವತ್ತಿಂದು ಆತು," ಎಂದಳು.

ಸೊಸೆ ಎರಡು ತಿಂಗಳ ಮೇಲೆ ಕೇಳಿದ ದನಿ ಅದು. ಮೌಸ್ ಹಿಡಿಯುವುದನ್ನು ಮಗನೇ ತಮಾಷೆಗೆ ಕಲಿಸಿದ್ದನಂತೆ, ಎಡಕ್ಕೊತ್ತಿದರೆ ಎಳೆ ಬೀಳುತ್ತದೆ, ಬಲಕ್ಕೊತ್ತಿದರೆ ಬಿಚ್ಚುತ್ತದೆ ಎಂದು. ಆ ಮನೆತನದಲ್ಲಿ ಒಂದು ರೂಢಿಯಿತ್ತು. ಮಗ್ಗದ ಮೇಲೆ ಬಟ್ಟೆ ಇರುವಾಗಲೇ ನೇಯುವವನು ತೀರಿಕೊಂಡರೆ ಮನೆಯವರು ದಿನಕ್ಕೊಂದಾದರೂ ಎಳೆ ಹಾಕಬೇಕು. ಬಟ್ಟೆ ಮುಗಿಸಿ ಕೊಯ್ದು ಇಳಿಸುವ ತನಕ ಅವನ ಜೀವ ಅಲ್ಲೇ ಕೂತಿರುತ್ತದೆ ಎಂದು ಅವರ ನಂಬಿಕೆ. ಮಗನ ಮಗ್ಗ ಇದೇ ಎಂದು ಮುದುಕಿ ತಿಳಿದಿದ್ದಳು.

"ಅತ್ತಿ, ದಿನಕ್ಕೊಂದ ಹಾಕಿದ್ರ ಇದು ಯಾವ ಕಾಲಕ್ಕ ಮುಗಿಯೂದು? ಹುಡುಗಿ ಮದಿವಿಗಿ ಸೀರಿ ಬ್ಯಾಡೇನು?" ಎಂದಳು ಸೊಸೆ.

"ಮುಗೀಬಾರದಂತನ ದಿನಕ್ಕೊಂದ ಹಾಕಾಕತ್ತೇನಿ. ಮುಗೀತಂದ್ರ ಅಂವ ಎದ್ದ ಹೊಕ್ಕಾನ."

ನಾನು ಅಷ್ಟು ಹೊತ್ತಿನಿಂದ ಅವನ ಕುರ್ಚಿಯಲ್ಲಿ ಕೂತಿದ್ದೆ. ಎದ್ದು ನಿಂತೆ.

ಅತ್ತೆ ಸೊಸೆ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಮುದುಕಿಗೆ ಹೇಳಿದೆ, "ಆಯಿ, ಹೊಸಾದರಾಗ ಇರೋದನ್ನ ಇವರು ಮುಗಿಸ್ಕೋಲಿ. ಹಳೇದು ನಿಂದು. ಅದು ಮುಗಿಯೂದಿಲ್ಲ." ಡಿಸ್ಕು ಬಹಳ ದಿನ ಬಾಳುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ ಮಾತು. ಚಾಲೂ ಮಾಡಿದ ಕೂಡಲೇ ಹಳೆಯ ಫೈಲು ತಾನೇ ತೆರೆಯುವಂತೆ ಮಾಡಿಟ್ಟು, ತಲೆ ಬಗ್ಗಿಸಿಕೊಂಡು ಬಂದೆ.

ಗಿಳಿಯ ತಲೆಯನ್ನು ಮಹಾಲಿಂಗಪುರದ ಇನ್ನೊಬ್ಬ ಡಿಸೈನರ್ ಬರೆದುಕೊಟ್ಟ. ಸೀರೆ ಆ ಮನೆಯ ಮಗ್ಗದಲ್ಲೇ ಆಯಿತು, ಹುಡುಗಿ ಉಟ್ಟು ಅಕ್ಕಿಕಾಳು ಹಾಕಿಸಿಕೊಂಡಳು. ನಾನೂ ಹೋಗಿ ಉಂಡು ಬಂದೆ.

ದೀಪಾವಳಿ ಮುಗಿದು ಬಹಳ ದಿನವಾಗಿರಲಿಲ್ಲ, ಸೊಸೆಯ ಫೋನ್ ಬಂತು. ಹಳೆಯ ಡಿಸ್ಕು ಸದ್ದು ಮಾಡದೆ ಮೂರು ವಾರವಾಗಿದೆ, ಅತ್ತೆಗೆ ಹೇಳಲು ತನಗೆ ಬಾಯಿ ಬರುತ್ತಿಲ್ಲ ಎಂದಳು.

ನಾನು ಹೋದಾಗ ಮುದುಕಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಕುರ್ಚಿ ಖಾಲಿ ಬಿಟ್ಟಿದ್ದಳು. ಕ್ಯಾಬಿನೆಟ್ಟಿನ ಮೇಲೆ ವಿಭೂತಿ ಹಸಿಯಾಗಿತ್ತು. ಡಿಸ್ಕನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು. ಪರದೆಯ ಮೇಲೆ ಮಾತ್ರ ಸೆರಗು ತೆರೆದೇ ಇತ್ತು. ಹಳೆಯದು ಸಿಗದೆ ಕಂಪ್ಯೂಟರ್ ಹೊಸ ಡ್ರೈವಿನಲ್ಲಿದ್ದ ಮುಗಿದ ಸೆರಗನ್ನೇ ತೆರೆದಿತ್ತು. ಕೊನೆಯ ಗಿಳಿಯ ನೆತ್ತಿಯ ಸಾಲಿನಲ್ಲಿ, ದಿನಕ್ಕೊಂದರಂತೆ ಬಲಕ್ಕೊತ್ತಿ, ಮುದುಕಿ ಇಪ್ಪತ್ತು ಚೌಕ ಬಿಚ್ಚಿದ್ದಳು. ಅವುಗಳ ನಡುವೆ ಒಂದೇ ಒಂದು ಚೌಕ ಹಾಗೇ ಉಳಿದಿತ್ತು. ಅದು ಯಾವ ದಿನದ್ದು ಎಂದು ನಾನು ಕ್ಯಾಲೆಂಡರ್ ನೋಡಲಿಲ್ಲ.

ಮುದುಕಿ ನನ್ನ ಸೆರಗು ಹಿಡಿದು ಎಳೆದಳು. "ಯವ್ವಾ, ನೀ ಒಳಗೆಲ್ಲಾ ಬಿಚ್ಚಿ ನೋಡಿದಾಕಿ. ಖರೆ ಹೇಳು. ಅಂವ ಕುಂತಾನಿಲ್ಲೋ?"

ಆ ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿದೆ.

"ಕುಂತಾನ, ಆಯಿ," ಎಂದೆ.