ಮಾಲೀಕರನ್ನೇ ಪರೀಕ್ಷಿಸಿದ ಡ್ರೈವರ್
ಹೊಸದಾಗಿ ಹೆವಿ ಲೈಸೆನ್ಸ್ ಪಡೆದವರು ಕೆಲಸ ಕೊಡಿ ಎಂದು ಲಾರಿ ಮಾಲೀಕರ ಬಾಗಿಲಿಗೆ ಹೋಗುತ್ತಾರೆ. ಮಣ್ಣೂರಿನ ದೌಲತರಾಯ ಮಾತ್ರ ಹೆಣ್ಣು ನೋಡಲು ಹೋದವನಂತೆ ಹೋಗುತ್ತಿದ್ದ. ಕೊಟ್ಟ ಚಹಾ ಆರುತ್ತಿದ್ದರೂ ಟ್ರೇಲರಿನ ಕೆಳಗೆ ತೂರಿ, ಸರಪಳಿಯ ಒಂದೊಂದು ಕೊಂಡಿಯನ್ನೂ ಜಗ್ಗಿ, ತಾಡಪತ್ರಿಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕುತ್ತಿದ್ದ. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆ: “ಲೋಡ್ ಸಡ್ಲ ಅನಿಸಿದ್ರ ನಾ ಗಾಡಿ ಎತ್ತಂಗಿಲ್ರಿ. ಆವಾಗ ಏನ್ ಮಾಡ್ತೀರಿ?” ಆಳಂದದ ಮಾಲೀಕ ಹೊಟ್ಟೆ ಹಿಡಿದು ನಕ್ಕ. ಅಫಜಲಪುರದವನು, “ಬ್ಯಾರೆ ಡ್ರೈವರ್‌ಗ ಕರೀತೇನಿ, ನಡಿಲೇ” ಎಂದ. ದೌಲತರಾಯ ಸಿಟ್ಟಾಗದೆ ಮುಂದಿನ ಮಾಲೀಕರ ಬಾಗಿಲಿಗೆ ನಡೆದ. ಅವನ ಅಣ್ಣನೂ ಇಂಥದೇ ಲಾರಿ ಓಡಿಸುತ್ತಿದ್ದ. ಒಮ್ಮೆ ಬ್ರೇಕ್ ಹಾಕಿದಾಗ, ಸಡಿಲಾಗಿ ಕಟ್ಟಿದ್ದ ಕಬ್ಬಿಣದ ಸರಳುಗಳು ಹಿಂದಿನಿಂದ ಕ್ಯಾಬಿನ್ ಹೊಕ್ಕು ಅವನನ್ನು ಕೊಂದಿದ್ದವು. ಜೇವರ್ಗಿಯಲ್ಲಿ ಮೂರು ಟ್ರೇಲರುಗಳ ಒಡತಿ ಕರೀಮುನ್ನಿಸಾ ಮಾತ್ರ ಅವನ ಪ್ರಶ್ನೆಗೆ ನಗಲಿಲ್ಲ. “ಲೋಡ್ ಇಳಿಸಿ ಮತ್ತ ಕಟ್ಟಸ್ತೇನಪಾ. ಮಾಲು ತಡ ಆದ್ರ ಆಗ್ಲಿ” ಎಂದಳು. ಅವನು ಅಂದೇ ಕೆಲಸ ಒಪ್ಪಿಕೊಂಡು, ಮನೆಗೆ ಬಂದು ತಾಯಿ ಗುರಮ್ಮನಿಗೆ ಎಲ್ಲವನ್ನೂ ಹೇಳಿದ. “ಪಗಾರ ಎಷ್ಟಂತಪಾ?” ಎಂದಳು ಅವಳು. “ಕೇಳೋದೇ ಮರ್ತೆ ಯವ್ವಾ.” ಗುರಮ್ಮ ಬೈಯಲಿಲ್ಲ. ಮಗನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. “ಮತ್ತ ಕಟ್ಟಸ್ತೇನಿ ಅಂದ್ಲಲ್ಲ ಆಕಿ, ಅದೊಂದು ಇನ್ನೊಮ್ಮಿ ಹೇಳು” ಎಂದಳು.