ಇದು ನಿಮ್ಮ ಮನಿ ಬಾಜೂಕೇನ?

ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಕಸ ಹಾಕಲು ಕೆಳಗಿಳಿದರೆ, ನಮ್ಮ ಕಟ್ಟಡದ ಮುಂದಿನ ಗಟಾರದಲ್ಲಿ ಗುಲಾಬಿ ಬಣ್ಣದ ನೀರು ಹರಿಯುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ ಬೇರೆ. ಶಾಲೆಯ ಮಕ್ಕಳು ಅದನ್ನು ಹಾರಿ ದಾಟಿದರು, ಹೂವಿನವಳು ಅದರ ಪಕ್ಕದಲ್ಲೇ ಬುಟ್ಟಿ ಇಳಿಸಿದಳು, ಯಾರೂ ಕೆಳಗೆ ನೋಡಲಿಲ್ಲ. ವಾಚ್‌ಮನ್‌ನನ್ನು ಇದೇನಪ್ಪಾ ಎಂದು ಹರಕು ಹಿಂದಿಯಲ್ಲಿ ಕೇಳಿದೆ. "ಕೆಮಿಕಲ್," ಎಂದ, ಮಳೆ ಬಂತು ಎನ್ನುವಷ್ಟು ಸಲೀಸಾಗಿ.

ನಾನು ಫೋಟೋ ತೆಗೆದು ಊರಿನ ಗೆಳತಿಯರ ಗುಂಪಿಗೆ ಕಳಿಸಿದೆ. ವಿಜಯಪುರದಲ್ಲಿ ಲ್ಯಾಬ್ ಟೆಕ್ನೀಶಿಯನ್ ಕೋರ್ಸು ಮಾಡುವಾಗ ಒಂದೇ ಬೆಂಚಿನಲ್ಲಿ ಕೂತವರು ನಾವು. ಮಂದಿಯ ಮಲ, ಮೂತ್ರ, ಕಫದ ಡಬ್ಬಿ ಹಿಡಿದು ಹಿಡಿದು ನಮ್ಮ ಮೂಗು ಸತ್ತಿದೆ, ಹೇಸಿಗೆ ಎಂಬುದು ನಮಗೆ ಸುಲಭಕ್ಕೆ ಬರುವುದಿಲ್ಲ. ಆದರೂ ಆ ಫೋಟೋಕ್ಕೆ ಎಲ್ಲರೂ "ಥೂ", "ಛೀ", "ಯವ್ವಾ ಹೇಸಿಗಿ" ಎಂದು ಸುರಿಮಳೆ ಸುರಿಸಿದರು. ಅವತ್ತಿನಿಂದ ಅದೇ ನಮ್ಮ ಚಾಳಿಯಾಯಿತು. ಎಲ್ಲಿ ಏನು ಹೊಲಸು ನಡೆದರೂ ಆ ಸುದ್ದಿ ನಮ್ಮ ಗುಂಪಿಗೆ ಬರಬೇಕು, ಎಲ್ಲರೂ ಒಮ್ಮೆ ಉಗಿಯಬೇಕು, ಆಮೇಲೆ ಊಟಕ್ಕೆ ಏಳಬೇಕು. ಮುಂಬೈ ಕಡೆಯ ಸುದ್ದಿಯಾದರೆ ಕೆಳಗೆ ನನ್ನ ಹೆಸರು ಹಾಕಿ ಒಂದು ಪ್ರಶ್ನೆ: "ರೇಣಾ, ಇದು ನಿಮ್ಮ ಮನಿ ಬಾಜೂಕೇನ?"

ಈ ಪ್ರಶ್ನೆ ಯಾವಾಗಲೂ ಸುಮಂಗಲಾಳದು. ಅವಳು ಬರೆಯುವವಳಲ್ಲ, ಮಾತಾಡಿ ಕಳಿಸುವವಳು. ದಿನಕ್ಕೊಂದಾದರೂ ಅವಳ ಧ್ವನಿ ಬರಲೇಬೇಕು, ನಡುನಡುವೆ ಅವಳದೇ ಒಂದು ಒಣಕೆಮ್ಮು. ಅವಳ ಪಾಲಿಗೆ ನೆರೂಳ, ಕಲ್ಯಾಣ, ಠಾಣೆ ಎಲ್ಲ ಒಂದೇ ಓಣಿ, ಅಲ್ಲಿ ಕೊಲೆಯಾದರೆ ನಾನು ಕಿಟಕಿಯಿಂದ ನೋಡಿರಬೇಕು. "ಇಲ್ಲವಾ, ಭಾಳ ದೂರ," ಎಂದು ನಾನು ಬರೆಯುತ್ತಿದ್ದೆ. ನೆರೂಳಕ್ಕೆ ಹೋಗಬೇಕಾದರೆ ಠಾಣೆಯಲ್ಲಿ ಗಾಡಿ ಬದಲಿಸಬೇಕು ಎಂದು ತಿಳಿಸಿ ಹೇಳಿದರೂ ಅವಳ ತಲೆಗೆ ಹೋಗುತ್ತಿರಲಿಲ್ಲ.

ನಗಬೇಡಿ, ಆ ಹೆಂಗಸಿನಿಂದಲೇ ನಾನು ಇಲ್ಲಿ ಉಳಿದದ್ದು. ಮೊದಲ ವರ್ಷ ನನ್ನ ಹೊಟ್ಟೆಯಲ್ಲಿದ್ದ ಕೂಸು ನಿಲ್ಲಲಿಲ್ಲ. ಮನೆಯವರು ಬಣ್ಣದ ಫ್ಯಾಕ್ಟರಿಗೆ ಹೋದರೆ ಕತ್ತಲಾದ ಮೇಲೆ ಬರುವುದು. ಮರಾಠಿ ಬಾರದು, ಅನ್ನ ಸೇರದು. ಆಗ ದಿನಾ ಮಧ್ಯಾಹ್ನ ಸುಮಂಗಲಾಳ ವಿಡಿಯೋ ಕಾಲ್ ಬರುತ್ತಿತ್ತು. "ಉಂಡಿ?" ಎನ್ನುವಳು. ಉಂಡೆ ಎಂದರೆ ನಂಬುತ್ತಿರಲಿಲ್ಲ. "ತಾಟ್ ತೋರ್ಸು." ನಾನು ಖಾಲಿ ತಾಟನ್ನು ಕ್ಯಾಮೆರಾಕ್ಕೆ ಹಿಡಿಯುವ ತನಕ ಅವಳು ಅಲ್ಲಿ ತನ್ನ ತಾಟಿಗೆ ಕೈ ಹಾಕುತ್ತಿರಲಿಲ್ಲ. ಹೆತ್ತವ್ವನೂ ಅಷ್ಟು ಮಾಡಲಿಕ್ಕಿಲ್ಲ.

ನಿಧಾನಕ್ಕೆ ಈ ಊರು ಹಿಡಿಸಿತು. ಠಾಣೆಯ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಲೋಕಲ್‌ನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವಳಾಗಿ ಅರ್ಧ ಕುಂಡಿ ಊರುವುದನ್ನು ಇಲ್ಲಿ 'ಚೌಥಿ ಸೀಟ್' ಎನ್ನುತ್ತಾರೆ. ಅದನ್ನು ಜಗಳವಾಡಿ ಗಿಟ್ಟಿಸಿದ ದಿನ ನನಗೆ ರಾಜ್ಯ ಗೆದ್ದಷ್ಟು ಸಂತೋಷ. ನಮ್ಮ ಬಿಳಿಜೋಳದ ರೊಟ್ಟಿ ಇಲ್ಲಿ ಭಾಕರಿ, ಅಷ್ಟು ತೆಳ್ಳಗೆ ಯಾರೂ ಬಡಿಯುವುದಿಲ್ಲ. ಪಕ್ಕದ ಮನೆಯ ಹಿರಿಯ ಹೆಂಗಸು ಸಾವಂತ ಕಾಕು ನನ್ನ ರೊಟ್ಟಿಗೆ ಮರುಳಾಗಿ ಬದಲಿಗೆ ಮೀನಿನ ಸಾರು ಕೊಡಲು ಬಂದರು. ನಾನು ಲಿಂಗ ಕಟ್ಟಿದವಳೆಂದು ಗೊತ್ತಾದ ಮೇಲೆ ಆಮಟಿ ಎಂಬ ಬೇಳೆಸಾರು ಕೊಡತೊಡಗಿದರು. ಊರಿನಲ್ಲಿ ಕರೆಯದೆ ಒಳಗೆ ಬರುತ್ತಾರೆ, ಇಲ್ಲಿ ಬಾಗಿಲ ಸಂದಿಯಿಂದ ಡಬ್ಬಿ ಕೊಟ್ಟು ಹೋಗುತ್ತಾರೆ. ಮೊದಮೊದಲು ಇದು ನನಗೆ ಅವಮಾನ ಎನಿಸುತ್ತಿತ್ತು.

ಹೋದ ವರ್ಷ ಠಾಣೆ ಕಡೆಯ ಯಾವುದೋ ಫ್ಲ್ಯಾಟಿನಲ್ಲಿ ಒಬ್ಬ ಅಜ್ಜ ತೀರಿಕೊಂಡು, ವಾಸನೆ ಬಂದ ಮೇಲಷ್ಟೇ ನೆರೆಯವರಿಗೆ ತಿಳಿಯಿತು ಎಂಬ ಸುದ್ದಿ ಗುಂಪಿಗೆ ಬಂತು. ಸುಮಂಗಲಾಳ ಧ್ವನಿ ಕೂಡಲೇ ಬಂತು: "ನೋಡವಾ ರೇಣಾ, ನಮ್ಮ ಓಣ್ಯಾಗ ಆಗಿದ್ರ ಒಂದ್ ಹೊತ್ತು ಒಲಿ ಹೊಗಿ ಕಾಣ್ಲಿಲ್ಲಂದ್ರ ಮಂದಿ ಬಂದು ಬಾಗ್ಲಾ ಬಡೀತಾರ. ನಿಮ್ಮ ಮುಂಬೈ ಮಂದೀಗಿ ಕರಳ ಇಲ್ಲ." ನಾನು ಒಪ್ಪಿದೆ. ನನಗೂ ಹಾಗೇ ಅನಿಸಿತ್ತು.

ಈ ಸಲ ಸುದ್ದಿ ಊರ ಕಡೆಯಿಂದ ಬಂತು, ಗುಂಪಿನಲ್ಲಲ್ಲ, ಸಾವಂತ ಕಾಕುವಿನ ಮೊಬೈಲಿನಲ್ಲಿ. ರವಿವಾರ ಬೆಳಿಗ್ಗೆ ಅವರು ಮೊದಲ ಸಲ ಹೊಸ್ತಿಲು ದಾಟಿ ಸೀದಾ ನನ್ನ ಅಡುಗೆಮನೆಗೆ ಬಂದರು. "ಹೇ ತುಮಚ್ಯಾ ಗಾವಚಂ ನಾ?" ಇದು ನಿಮ್ಮ ಊರಿನದಲ್ಲವೇ ಎಂದು. ಮರಾಠಿ ಸುದ್ದಿ ಚಾನೆಲಿನ ವಿಡಿಯೋ. ನಮ್ಮೂರಿನ ಒಂದು ಸಿರಿವಂತ ಮನೆಯವರು ತೀರ್ಥಯಾತ್ರೆಗೆ ಹೋಗುವಾಗ ಮನೆಗೆಲಸದ ಹೆಂಗಸು ಕಳವು ಮಾಡಿಯಾಳೆಂದು ಅವಳನ್ನು ಬಚ್ಚಲಮನೆಯಲ್ಲಿ ಕೂಡಿ ಹಾಕಿ, ಒಂದು ಬ್ರೆಡ್ಡಿನ ಪೊಟ್ಟಣ ಇಟ್ಟು, ಹೊರಗಿನಿಂದ ಚಿಲಕ ಹಾಕಿದ್ದರು. ಕೆಲವು ದಿನಗಳ ಮೇಲೆ ಕರೆಂಟಿನ ಮೀಟರ್ ನೋಡಲು ಬಂದ ಪರವೂರಿನವನು ಬಾಗಿಲು ಬಡಿಯುವ ಸಪ್ಪಳ ಕೇಳಿ ಪೊಲೀಸರನ್ನು ಕರೆದ, ಅವಳಿನ್ನೂ ಜೀವ ಹಿಡಿದುಕೊಂಡಿದ್ದಳು. ದೇವರ ದರ್ಶನಕ್ಕೆ ಹೋದವರು ಇನ್ನೂ ಹಾದಿಯಲ್ಲಿದ್ದರು.

ಆ ಓಣಿ ನನಗೆ ಗೊತ್ತು. ಮೂಲೆಯ ಹಿಟ್ಟಿನ ಗಿರಣಿ, ಆಮೇಲೆ ಬೇವಿನ ಗಿಡ, ಅದರ ಕೆಳಗೆ ನೀಲಿ ಗೇಟು. ನೀಲಿ ಗೇಟು ಸುಮಂಗಲಾಳ ಮನೆಯದು. ಅದಕ್ಕೆ ಗೋಡೆಗೆ ಗೋಡೆ ಹತ್ತಿಕೊಂಡದ್ದೇ ಆ ಸಿರಿವಂತರ ಮನೆ.

ವರದಿಗಾರ ನೆರೆಯ ಹೆಂಗಸೊಬ್ಬಳ ಮುಂದೆ ಮೈಕು ಹಿಡಿದಿದ್ದ. ಅವಳು ಮುಖದ ತುಂಬ ಸೆರಗು ಹೊದ್ದಿದ್ದಳು. "ಸಪ್ಪಳಾ ಕೇಳ್ಸತಿತ್ರೀ," ಎಂದು ಕೆಮ್ಮಿದಳು. "ಇಲಿ ಇರಬೇಕ್ ಅಂದ್ಕೊಂಡ್ವಿ." ವರ್ಷಗಟ್ಟಲೆ ದಿನಾ ಕೇಳಿದ ಧ್ವನಿ, ದಿನಾ ಕೇಳಿದ ಕೆಮ್ಮು. ಸೆರಗು ನನಗೆ ಯಾವ ಲೆಕ್ಕ?

ಕಾಕು ನನ್ನ ಭುಜ ಅಲುಗಿಸಿ, ಇವಳು ಏನು ಹೇಳುತ್ತಾಳೆ ಎಂದು ಕೇಳಿದರು. ನಾನೇ ಅದನ್ನು ಮರಾಠಿಗೆ ತಿರುಗಿಸಿ ಹೇಳಬೇಕಾಯಿತು. ಕಾಕು ಕಣ್ಣು ಕಿರಿದು ಮಾಡಿದರು. "ಉಂದೀರ್ ದಾರ್ ವಾಜವತೋ ಕಾ ಗಂ?" ಇಲಿ ಎಲ್ಲಾದರೂ ಬಾಗಿಲು ಬಡಿಯುತ್ತದೆಯೇನೇ?

ಹೇಸಿಗೆ ಎಂದರೆ ಏನೆಂದು ಅವತ್ತು ಗೊತ್ತಾಯಿತು. ಗುಂಪು ತೆರೆದು ನೋಡಿದೆ. ಸೂರತ್ತಿನದೋ ಪಾಟ್ನಾದದೋ ಹೊಲಸು ತಪ್ಪದೆ ಬಂದಿತ್ತು, ಊರಿನ ಸುದ್ದಿ ಮಾತ್ರ ಇಲ್ಲ. ಜಗತ್ತಿಗೆಲ್ಲ ಉಗಿಯುವ ಬಾಯಿಗಳಿಗೆ ಊರಿನ ವಿಷಯಕ್ಕೆ ಎಂಜಲೇ ಇರಲಿಲ್ಲ. ಹಾಕಲೋ ಬೇಡವೋ ಎಂದು ಎರಡು ರೊಟ್ಟಿ ಸೀಯುವ ತನಕ ನಿಂತೆ. ಹಾಕಿದರೆ ಸುಮಂಗಲಾ ನನ್ನ ಕೈಬಿಟ್ಟು ಹೋಗುತ್ತಾಳೆ. ದೀಪಾವಳಿಗೆ ಊರಿಗೆ ಹೋದರೆ ನಾನು ಇಳಿಯುವುದು ಅದೇ ನೀಲಿ ಗೇಟಿನೊಳಗೆ, ತವರೆಂದು ನನಗೆ ಬೇರೆ ಮನೆಯಿಲ್ಲ. ಹಾಕದೆ ಸುಮ್ಮನಿದ್ದರೆ ನನಗೂ ಇಲಿಯ ಸಪ್ಪಳವೇ ಕೇಳಿದಂತೆ. ವಿಡಿಯೋ ಹಾಕಿದೆ. ಕೆಳಗೆ ಬರೆದೆ: "ಸುಮಿ, ಇದು ನಿಮ್ಮ ಮನಿ ಬಾಜೂಕೇನ?"

ಎಲ್ಲರೂ ನೋಡಿದರು, ಒಬ್ಬಳೂ ಥೂ ಎನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಒಬ್ಬಳು, "ಊರಿನ ಮಾನ ಹರಾಜ್ ಹಾಕಬ್ಯಾಡವಾ," ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದಳು.

ಆಮೇಲೆ ಸುಮಂಗಲಾ ಫೋನ್ ಮಾಡಿದಳು.

"ನೀ ಅಲ್ಲೆ ಕುಂತು ಮಾತಾಡ್ತಿ. ನಾವು ಇದ ಓಣ್ಯಾಗ ಬಾಳೇವು ಮಾಡಬೇಕು. ಆ ಮಂದಿನ ಎದುರ ಹಾಕ್ಕೊಂಡು ಇಲ್ಲಿ ಉಳಿಯಾಕ ಆಗತೈತೇನ?"

"ಬಾಗ್ಲಾ ಬಡಿಯೂದು ಕೇಳ್ಸಿತ್ತೊ ಇಲ್ಲೊ, ಸುಮಿ?"

ಅವಳು ಕೆಮ್ಮಿದಳು. "ಕೇಳ್ಸಿತ್ತು," ಎಂದಳು. "ಟೀವಿ ಜೋರ್ ಮಾಡಿದ್ವಿ."

ನನಗೆ ಅವಳ ಮೇಲೆ ಅಸಹ್ಯವಾಯಿತು. ಅಸಹ್ಯ ಬಂದರೆ ಪ್ರೀತಿ ಹೋಗಬೇಕಲ್ಲ? ಹೋಗಲಿಲ್ಲ.

ಈಗ ಕಟ್ಟಡದಲ್ಲಿ ಎಲ್ಲಿ ಧಡ್ ಎಂದರೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮೊನ್ನೆ ಮೇಲಿನ ಮನೆಯಲ್ಲಿ ಏನೋ ಕುಟ್ಟುವ ಸದ್ದಾಯಿತೆಂದು ಹೋಗಿ ಬಾಗಿಲು ಬಡಿದೆ. ಆಕೆ ಶೇಂಗಾ ಕುಟ್ಟುತ್ತಿದ್ದಳಂತೆ, ಕೈಯಲ್ಲಿ ಒನಕೆ ಹಿಡಿದೇ ನನ್ನನ್ನು ಬೈದಳು. ಬೈಯಲಿ. ಗುಂಪಿನಲ್ಲಿ ಮತ್ತೆ ಕಲ್ಯಾಣದ ಯಾವುದೋ ಹೊಲಸು ಬಂದಾಗ, ನಿಮ್ಮ ಮನಿ ಬಾಜೂಕೇನ ಎಂದು ಬೇರೊಬ್ಬಳು ಕೇಳಿದಳು. "ಹೌದು, ಬಾಜೂಕ," ಎಂದು ಬರೆದೆ.

ದೀಪಾವಳಿಗೆ ಊರಿಗೆ ಯಾವಾಗ ಹೊರಡುತ್ತೀ ಎಂದು ಸಾವಂತ ಕಾಕು ಕೇಳುತ್ತಿದ್ದಾರೆ. ಏನು ಹೇಳುವುದೋ ತಿಳಿಯದು. ನಿನ್ನೆ ನನಗೆ ರಜೆ. ಮಧ್ಯಾಹ್ನ ಎಷ್ಟೋ ದಿನಗಳ ಮೇಲೆ ಸುಮಂಗಲಾಳ ವಿಡಿಯೋ ಕಾಲ್ ಬಂತು. ನನ್ನ ತಾಟಿನಲ್ಲಿ ರೊಟ್ಟಿ ಬಡಿಸಿದ ಹಾಗೇ ಇತ್ತು. ಅವಳು ಸ್ವಲ್ಪ ಇಳಿದುಹೋಗಿದ್ದಳು.

"ಉಂಡಿ?"

"ಉಂಡೆ," ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ಕೂತಳು. ತಾಟ್ ತೋರ್ಸು ಎನ್ನಲಿಲ್ಲ.