ಎಂಟು ಇಂಚಿನ ಕ್ಲಚ್ ಪ್ಲೇಟು

ನನ್ನ ಮೇಜಿನ ಮೇಲೆ ಒಂದು ಸವೆದ ಕ್ಲಚ್ ಪ್ಲೇಟು ಇದೆ. ಊಟದ ತಟ್ಟೆಗಿಂತ ಚಿಕ್ಕದು, ಸುತ್ತಲೂ ಕಪ್ಪಾಗಿದೆ, ಹತ್ತಿರ ಹೋದರೆ ಸುಟ್ಟ ವಾಸನೆ. ಹೆಂಡತಿ ಎರಡು ಸಲ ಅದನ್ನು ಗುಜರಿಗೆ ಹಾಕಲು ಎತ್ತಿದ್ದಳು, ಎರಡು ಸಲವೂ ನಾನು ಕಸಿದುಕೊಂಡೆ. ಇಂಥದಕ್ಕೂ ಗಂಡಹೆಂಡಿರ ಜಗಳವೇ ಎಂದು ನೀವು ನಗಬಹುದು, ನಗಿ. ಹೋದ ವಾರ ಇದನ್ನು ನೋಡಿದಾಗ ಬಡಿದ ಗರ ಇನ್ನೂ ನನ್ನನ್ನು ಬಿಟ್ಟಿಲ್ಲ.

ಇದು ಕಾಕಾನ ಅಂಬಾಸಿಡರಿನದು. ಕಾಕಾ ಅಂದರೆ ಅಪ್ಪನ ತಮ್ಮ, ಶೇಡಬಾಳದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದವನು. ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿದ್ದ. ಆಗ ನಮ್ಮ ಕಡೆ ಬಹಳ ಜನ ಹಾಗೆ ಮಾಡುತ್ತಿದ್ದರು. ಆ ಕಾರಿನಲ್ಲಿ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು ಬಿಟ್ಟು ಒಂದು ನರಪಿಳ್ಳೆಯನ್ನೂ ಕೂರಿಸಿಕೊಳ್ಳುತ್ತಿರಲಿಲ್ಲ. ಬುಧವಾರ ಬಂತೆಂದರೆ ಇಬ್ಬರೂ ಮಿರಜಿಗೆ ಹೊರಡುತ್ತಿದ್ದರು. ಕಾಕಾ ಸ್ಟೇರಿಂಗ್ ಹಿಡಿದು ಮುಂದೆ, ಕಾಕು ತಲೆ ತುಂಬ ಸೆರಗು ಹೊದ್ದು ಹಿಂದೆ. ಹೊತ್ತು ಮುಳುಗುವುದರೊಳಗೆ ಕಾರು ಮನೆ ಮುಂದೆ ನಿಂತಿರಲೇಬೇಕು.

ನಮ್ಮದು ಕತ್ತಲಾದ ಮೇಲೆ ಉಣ್ಣದ ಜೈನರ ಮನೆತನ. "ನೋಡಿ ಕಲೀರಿ, ಕಾಕಾಂದು ನೇಮ ಅಂದ್ರ ನೇಮ" ಎಂದು ಅವ್ವ ನಮಗೆ ಬುದ್ಧಿ ಹೇಳುತ್ತಿದ್ದಳು. ಚಿಕ್ಕೋಡಿಯಲ್ಲಿ ರಾತ್ರಿ ಭಜಿ ತಿಂದು ಬಾಯಿ ಒರೆಸಿಕೊಂಡು ಬಂದ ನಾನು ಭಕ್ತಿಯಿಂದ ತಲೆ ಆಡಿಸುತ್ತಿದ್ದೆ.

ಕಾರು ಊರ ಹೊರಗಿನ ಏರು ಹತ್ತುವಾಗ ಕ್ಲಚ್ ಸುಟ್ಟ ವಾಸನೆ ಊರ ಅಗಸಿ ಬಾಗಿಲವರೆಗೂ ಬರುತ್ತಿತ್ತು. ನಾನೋ ಆಟೊಮೊಬೈಲ್ ಡಿಪ್ಲೊಮಾವನ್ನು ಅರ್ಧಕ್ಕೇ ಬಿಟ್ಟ ಪಂಡಿತ. "ಎಷ್ಟ ಜಿಪುಣತನ ಕಾಕಾ, ದೊಡ್ಡ ಕ್ಲಚ್ ಹಾಕ್ಸು" ಎಂದು ಹತ್ತು ಜನರ ಮುಂದೆ ಅಂದಿದ್ದೆ. ಕಾಕಾ ಸಿಟ್ಟಾಗಲಿಲ್ಲ. "ಇದ್ದದ್ದ ಸಾಕ ತಮ್ಮಾ" ಅಂದ, ಅಷ್ಟೆ.

ಹೋದ ವರ್ಷ ಅವನು ತೀರಿಕೊಂಡ. ಮಕ್ಕಳಿಲ್ಲದ್ದರಿಂದ ಕಾರು ನನ್ನದೇ ಎಂದು ನಾನೇ ತೀರ್ಮಾನಿಸಿದೆ. ಕೀಲಿ ಕೇಳಿದಾಗ ಕಾಕು ಸೊಂಟದಿಂದ ಬಿಚ್ಚಿ ಕೊಟ್ಟಳು. ಅದನ್ನು ಪ್ರೀತಿ ಎಂದುಕೊಂಡೆ ನಾನು. ಕೊಲ್ಲಾಪುರದಲ್ಲಿ ಹಳೆಯ ಕಾರುಗಳ ಮೆರವಣಿಗೆ ಇದೆಯೆಂದು ತಿಳಿದು, ಅದನ್ನು ಸಿಂಗರಿಸಲು ಕಾಗವಾಡದ ಗ್ಯಾರೇಜಿನ ಮಿಸ್ತ್ರಿಯ ಬಳಿ ಒಯ್ದೆ.

"ಹತ್ತ ಇಂಚಿನ ಪ್ಲೇಟ್ ಹಾಕ್ರಿ ಮಿಸ್ತ್ರಿ. ಗಟ್ಟಿ ಇರ್ಲಿ."

"ಕ್ಲಚ್ ಅಂದ್ರ ಚಪ್ಪಲಿ ಇದ್ದಂಗ್ರಿ ಸಾಹೇಬ್ರ. ದೊಡ್ಡದ ತಗೊಂಡ್ರ ಛಲೋ ಅಂತೇನಿಲ್ಲ. ಎಂಜಿನ್ ಜೋರ ನೋಡಬೇಕು, ಪ್ಲೇಟ್ ಕೂಡೂ ಫ್ಲೈವೀಲ್ ಗಾಲಿ ಅಗಲ ನೋಡಬೇಕು. ಆಮ್ಯಾಲ ಪೆಡಲ್ ಒತ್ತಾವ್ರ ಕಾಲ ನೋಡಬೇಕು."

ಗೇರ್‌ಬಾಕ್ಸ್ ಇಳಿಸಿ ಪ್ಲೇಟು ಹೊರಗೆ ತೆಗೆದ. ಎಂಟೇ ಇಂಚು! ಡೀಸೆಲ್ ಎಂಜಿನ್ನಿಗೆ, ಅದೂ ಮೆತ್ತನೆಯ ಸ್ಪ್ರಿಂಗು. ಅದನ್ನು ಕೂರಿಸಲೆಂದೇ ಫ್ಲೈವೀಲಿಗೆ ಹೊಸ ತೂತು ಹೊಡೆಯಲಾಗಿತ್ತು.

"ಯಾವ ಹುಚ್ಚ ಹಾಕ್ಯಾನ್ರಿ ಇದನ್ನ?"

"ನಾನಾ ಹಾಕೇನ್ರಿ" ಅಂದ ಮಿಸ್ತ್ರಿ. "ವಾಸನಿ ಬಂದ್ರ ಬರ್ಲಿ, ಪೆಡಲ್ ಹಗೂರ ಇರಬೇಕು ಅಂತ ನಿಮ್ಮ ಕಾಕಾ ಹಟಾ ಹಿಡದ್ರು. ನಿಮ್ಮ ಕಾಕುನ್ನ ಇದಾ ಸೀಟಿನ್ಯಾಗ ಕುಂದ್ರಿಸಿ, ಒತ್ತಿ ನೋಡ್ರಿ ಅಂತ ಕೇಳಿ ಹಾಕೇನಿ. ಆರ ವರ್ಷ ಗಾಡಿ ಅವರಾ ಹೊಡಿತಿದ್ರಲ್ರೀ."

ತಲೆ ಮೇಲಿನ ಸೆರಗು ಜಾರಲು ಬಿಡದ ನಮ್ಮ ಕಾಕು? ಸುಳ್ಳು ಎಂದುಕೊಂಡೆ. ಬಸ್ಸು ಹಿಡಿದು ನೇರ ಶೇಡಬಾಳಕ್ಕೆ ಹೋದೆ.

ಕಾಕು ಪಡಸಾಲೆಯಲ್ಲಿ ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದಳು. ಕೇಳಿದೆ. ಎದ್ದು ಒಳಗೆ ಹೋಗಿ ಟ್ರಂಕಿನಿಂದ ಏನೋ ತಂದು ನನ್ನ ಕೈಗಿಟ್ಟಳು. ಡ್ರೈವಿಂಗ್ ಲೈಸೆನ್ಸು! ಫೋಟೊದಲ್ಲಿಯೂ ಸೆರಗು ತಲೆಯ ಮೇಲೇ ಇತ್ತು.

"ಅವರ ಕಣ್ಣ ಹೋಗಿದ್ವು" ಅಂದಳು. "ಹೊತ್ತ ಮುಣಗಿದ್ರ ಏನೂ ಕಾಣತಿರಲಿಲ್ಲ. ಹಗಲಿನ್ಯಾಗೂ ಎದರಿಗಿಂದಷ್ಟ ಕಾಣತಿತ್ತು. ಮಿರಜಿಗೆ ಹೋಗತಿದ್ದದ್ದು ಕಣ್ಣಿನ ಡಾಕ್ಟರ ಕಡೆ. ಊರ ಮಂದಿ ನೋಡಲಿ ಅಂತ ಹೊರಗಿನ ಇಟ್ಟಂಗಿ ಭಟ್ಟಿ ತನಕಾ ಅವರು ಹೊಡಿತಿದ್ರು, ಅಲ್ಲಿಂದ ನಾನು. ಬರೂಮುಂದ ಭಟ್ಟಿಯಿಂದ ಮತ್ತ ಅವರು. ಬೆಳಕ ಇರೂದ್ರಾಗ ಮನಿ ಮುಟ್ಟಬೇಕಲ್ಲ."

ನಾವೆಲ್ಲ ಕೊಂಡಾಡಿದ ನೇಮ ಇದಾಗಿತ್ತೇ! ಕಣ್ಣು ಕಾಣದವನು ಊರೊಳಗೇ, ಮಕ್ಕಳು ಆಡುವ ಓಣಿಯಲ್ಲೇ ಕಾರು ಹೊಡೆಯುತ್ತಿದ್ದ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಯಾರನ್ನೂ ಹತ್ತಿಸಿಕೊಳ್ಳದಿದ್ದುದು ಏಕೆಂದು ಈಗ ತಿಳಿಯಿತು. ಜಿಪುಣ ಎಂದದ್ದನ್ನು ಅವನು ನುಂಗಿಕೊಂಡಿದ್ದ. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

"ನಮಗ್ಯಾಕ ಹೇಳಲಿಲ್ಲ ಕಾಕು?"

"ಹೇಳಿದ್ರ ಅವತ್ತಾ ಕೀಲಿ ಕಸಗೋತಿದ್ರಿ."

ಕೀಲಿ ನನ್ನ ಕಿಸೆಯಲ್ಲೇ ಇತ್ತು. ಕಾರಿಗೆ ಯಾವ ಅಳತೆಯ ಪ್ಲೇಟು ಹಾಕಿಸಲಿ ಎಂದು ಕೇಳಿದೆ.

"ಹೊಡಿಯೋರ ಕಾಲಿಗೆ ತಕ್ಕಂಗ ಹಾಕ್ಸು."

"ಯಾರ ಹೊಡಿಯೋರು?"

"ಅದನ್ನ ನೀ ಈಗ ಕೇಳಾಕತ್ತಿ" ಅಂದಳು ಕಾಕು, ಕಡ್ಡಿ ಬಿಡಿಸುತ್ತಲೇ. "ಒಂದ ವರ್ಷ ಆತು, ನಾ ತ್ವಾಟದ ಮಾರಿ ನೋಡಿಲ್ಲ."

ತೋಟ ಊರಿನಿಂದ ದೂರ, ಅವಳಿಗೆ ನಡೆಯಲಾಗದಷ್ಟು ದೂರ. ಅಲ್ಲಿಂದಲೇ ಮಿಸ್ತ್ರಿಗೆ ಫೋನು ಮಾಡಿ, "ಎಂಟರದಾ ಹಾಕ್ರಿ, ಮೆತ್ತಂದು" ಎಂದೆ. ಮೆರವಣಿಗೆಯ ಆಸೆ ಅಲ್ಲಿಗೆ ಮುಗಿಯಿತು. ಅವನು ಕೊಟ್ಟ ಹಳೆಯ ಪ್ಲೇಟೇ ಈಗ ನನ್ನ ಮೇಜಿನ ಮೇಲಿರುವುದು.

ಇವತ್ತು ಮುಂಜಾನೆ ಕಾರನ್ನು ಶೇಡಬಾಳಕ್ಕೆ ಒಯ್ದೆ. ಕಾಕು ಹೊರಗೆ ಬಂದಳು. ಎದುರು ಕಟ್ಟೆಯ ಮೇಲೆ ಐದಾರು ಹಿರಿಯರು ಕೂತಿದ್ದರು. ಅವಳಿಗೆ ಮುಜುಗರವಾದೀತೆಂದು ನಾನು ಸ್ಟೇರಿಂಗ್ ಬಿಡದೆ, "ಹಿಂದ ಹತ್ತು ಕಾಕು, ಭಟ್ಟಿ ತನಕಾ ನಾ ಹೊಡಿತೀನಿ" ಎಂದೆ.

ಅವಳು ನನ್ನ ಕಡೆಯ ಬಾಗಿಲು ತೆರೆದಳು.

"ಇಳಿ ಅತ್ಲಾಗ. ಅವರ ಕಣ್ಣಿನ ಮಾತ ಮುಚ್ಚಿಡಾಕ ಭಟ್ಟಿ ತನಕಾ ಸುಮ್ನ ಕುಂದರ್ತಿದ್ದೆ. ಈಗ ಯಾರಿಂದ ಮುಚ್ಚಿಡೂದೈತಿ? ಮನಿ ಮುಂದಿಂದಾನ ಹೊಡಿತೀನಿ."

ನಾನು ಇಳಿದೆ. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು.